‘ಬೆಂಕಿ’ ಬಿಟ್ಟು ಬೇರೆ ಮಾತೇ ಬರೋದಿಲ್ವಾ?

ಶಿರಸಿಯಲ್ಲಿ ಗಣಿತದ ಟ್ಯೂಷನ್ ಹೇಳುವವನಿಗೆ ಗಣಿತದ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಕೇಳುವುದು ಒಂದೇ. ‘ನೀವು ದಿನಾ ಹುಡುಗರ ಜೊತೆ ಇರ್ತೀರಲ್ಲ ಸರ್, ಈಗಿನ ಮಕ್ಕಳಿಗೆ ಸಿನಿಮಾ ಹೇಗಿತ್ತು ಅಂತ ಕೇಳಿದ್ರೆ ಬೆಂಕಿ ಬಿಟ್ಟು ಬೇರೆ ಮಾತೇ ಬರೋದಿಲ್ವಾ?’ ಮದುವೆ ಮನೆಯಲ್ಲಿ ಕೇಳಿದ್ದಾರೆ. ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರೊಬ್ಬರು ನನ್ನ ಬಾಯೊಳಗೆ ಕೈ ಹಾಕಿಕೊಂಡೇ ಕೇಳಿದ್ದಾರೆ. ಅವತ್ತೊಂದು ದಿನ ಉತ್ತರ ಹೇಳುವ ಕೆಲಸ ತಪ್ಪಿತ್ತು. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನೇ ಓದಿ ಅಂತೇನೆ.

ಉತ್ತರ: ಬರುತ್ತದೆ. ನಿಮ್ಮ ಹತ್ತಿರ ಆಡೋದಿಲ್ಲ, ಅಷ್ಟೇ.

ನೀವು ಕೇಳುವ ರೀತಿ ಒಮ್ಮೆ ನೆನಪು ಮಾಡಿಕೊಳ್ಳಿ. ಊಟದ ಹೊತ್ತು, ಕಣ್ಣು ಟಿವಿ ಮೇಲೆ, ‘ಹೆಂಗಿತ್ತೋ?’ ಅಂತ ಒಂದು ಮಾತು. ಅದರ ಹಿಂದೆಯೇ ಟಿಕೆಟ್ಟಿಗೆ ಎಷ್ಟಾಯ್ತು, ಯಾರ್ಯಾರು ಹೋಗಿದ್ರಿ, ಟೆಸ್ಟ್ ಯಾವಾಗ ಅಂತ ಬರುತ್ತದೆ ಅನ್ನುವುದು ಆ ಹುಡುಗನಿಗೆ ಆರನೇ ಕ್ಲಾಸಿನಿಂದ ಗೊತ್ತು. ಅವನು ‘ಬೆಂಕಿ’ ಅಂದು ತಟ್ಟೆ ಎತ್ತಿಕೊಂಡು ಹೋಗುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಹಾಗಂತ ಎಲ್ಲ ಹುಡುಗರೂ ದೊಡ್ಡ ವಿಮರ್ಶಕರು ಅಂತ ನಾನು ಹೇಳುತ್ತಿಲ್ಲ. ನನ್ನ ಬ್ಯಾಚಿನಲ್ಲಿ ಒಬ್ಬನಿದ್ದಾನೆ, ತನ್ನ ಹೀರೋನ ಸಿನಿಮಾ ಗುರುವಾರ ರಾತ್ರಿಯೇ ಬೆಂಕಿ ಅನ್ನುತ್ತಾನೆ. ಬಿಡುಗಡೆ ಶುಕ್ರವಾರ. ಅವನನ್ನು ಬಿಟ್ಟುಬಿಡೋಣ.

ಆದರೆ ದೊಡ್ಡವರು ಇದನ್ನು ಕೇಳುವಾಗ ಒಂದು ನಗು ಇರುತ್ತದಲ್ಲ, ನಮ್ಮ ಕಾಲದಲ್ಲಿ ನಾವೆಲ್ಲ ಏನೋ ಭಾರೀ ಆಳವಾಗಿ ಮಾತಾಡುತ್ತಿದ್ದೆವು ಅನ್ನುವ ಥರದ್ದು, ನನಗೆ ಸಿಟ್ಟು ಬರುವುದು ಅಲ್ಲಿ. ನಾನು ಬೆಳೆದದ್ದೂ ಇದೇ ಸೀಮೆಯಲ್ಲಿ. ರಾತ್ರಿಯಿಡೀ ಯಕ್ಷಗಾನ ನೋಡಿ, ಬೆಳಗಿನ ಜಾವ ಗದ್ದೆ ಬದುವಿನ ಮೇಲೆ ಸಾಲಾಗಿ ಮನೆಗೆ ಬರುವಾಗ ಹಿರಿಯರು ಏನು ಮಾತಾಡುತ್ತಿದ್ದರು ಅಂತ ಕೇಳಿಸಿಕೊಂಡಿದ್ದೇನೆ. ‘ಚಿಟ್ಟಾಣಿ ಭಸ್ಮಾಸುರ ಅಂದ್ರೆ ಅದು ಬಿಡು ಮಾರಾಯಾ!’ ಅಷ್ಟೇ. ಹಿಂದಿನಿಂದ ಇನ್ನೊಬ್ಬರು, ‘ಕುಣಿದ್ರೆ ಆಯ್ತನಾ? ಕೆರೆಮನೆ ಶಂಭು ಹೆಗಡೆಯವರನ್ನ ನೋಡು’ ಅನ್ನುವರು. ಮುಂದಿನವರು ತಿರುಗಿ ನಿಲ್ಲುವರು. ಬದು ಒಂದೂವರೆ ಅಡಿ ಅಗಲ. ಅದರ ಮೇಲೆ ಪೂರಾ ಜಗಳ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗಲೂ ನಮ್ಮ ಮನೆಯಲ್ಲಿ ಆ ಜಗಳ ಮುಗಿದಿರಲಿಲ್ಲ. ‘ಅದು ಬಿಡು ಮಾರಾಯಾ’ ಅಂದವರಿಗೆ ಯಾರೂ ಪೂರ್ತಿ ವಾಕ್ಯದಲ್ಲಿ ಉತ್ತರಿಸಿ ಅಂತ ಹೇಳಿದ್ದು ನನಗೆ ನೆನಪಿಲ್ಲ.

ನನ್ನ ಕ್ಲಾಸು ಬೆಳಿಗ್ಗೆ ಏಳೂವರೆಗೆ. ಕೊನೆಯ ಹತ್ತು ನಿಮಿಷ ನಾನು ನೋಟ್ಸ್ ತಿದ್ದುತ್ತಾ ಕೂರುತ್ತೇನೆ, ಅವರು ಮಾತಾಡುತ್ತಾರೆ. ನಾನು ಅಲ್ಲಿದ್ದೇನೆ ಅನ್ನುವುದು ಅವರಿಗೆ ಎರಡು ನಿಮಿಷಕ್ಕೆ ಮರೆತುಹೋಗುತ್ತದೆ. ಈ ಹತ್ತು ನಿಮಿಷದಲ್ಲಿ ಕೇಳಿದ್ದರ ಬಲದ ಮೇಲೆಯೇ ನಾನು ಇಷ್ಟು ಜೋರಾಗಿ ಬರೆಯುತ್ತಿರುವುದು.

ಊರಿನಿಂದ ಹದಿನೆಂಟು ಕಿಲೋಮೀಟರ್ ಆಚೆಯಿಂದ ಬರುವ ಹುಡುಗಿಯೊಬ್ಬಳಿದ್ದಾಳೆ. ಅವಳ ಊರಿಗೆ ಕೊನೆಯ ಬಸ್ಸು ಆರೂಮುಕ್ಕಾಲಿಗೆ. ಕಾಲೇಜು ಬಿಟ್ಟು ಫಸ್ಟ್ ಶೋಗೆ ಹೋದರೆ ಕ್ಲೈಮ್ಯಾಕ್ಸ್ ಸಿಗುವುದಿಲ್ಲ. ಹಾಗಾಗಿ ಅವಳ ಅಭಿಪ್ರಾಯವೆಲ್ಲ ಹೀಗೆ: ‘ಫಸ್ಟ್ ಹಾಫ್ ಮಸ್ತ್, ಸೆಕೆಂಡ್ ಹಾಫಿನಲ್ಲಿ ಅರ್ಧ ಮಸ್ತ್, ಉಳಿದಿದ್ದು ಬಸ್ಸಿಗೇ ಗೊತ್ತು.’ ಆಮೇಲೆ ಸಿನಿಮಾ ಫೋನಿಗೆ ಬಂದಾಗ, ಮನೆ ಹಿಂದಿನ ಗುಡ್ಡದ ಮೇಲೆ ಸಿಗ್ನಲ್ ಸಿಗುವ ಬಂಡೆಯ ಹತ್ತಿರ ಕೂತು ಬಾಕಿ ಅರ್ಧ ಗಂಟೆ ನೋಡುತ್ತಾಳೆ. ಮಧ್ಯೆ ಎರಡು ತಿಂಗಳು ಹೋಗಿರುತ್ತದೆ. ಆ ಎರಡು ತಿಂಗಳು ಕ್ಲೈಮ್ಯಾಕ್ಸ್ ಏನಿರಬಹುದು ಅಂತ ತಾನೇ ಕಟ್ಟಿಕೊಂಡಿರುತ್ತಾಳೆ. ನಿಜವಾದದ್ದು ನೋಡಿದ ಮೇಲೆ ಹತ್ತರಲ್ಲಿ ಎಂಟು ಸಲ ‘ನಂದೇ ಚೊಲೋ ಇತ್ತು’ ಅನ್ನುತ್ತಾಳೆ. ಕೆಲವೊಮ್ಮೆ ನಿಜಕ್ಕೂ ಚೊಲೋ ಇರುತ್ತದೆ.

ಇನ್ನೊಬ್ಬ ಇದ್ದ. ದೃಶ್ಯಗಳನ್ನು ಫೋನಿನಲ್ಲಿ ಕತ್ತರಿಸಿ ಹಾಡಿಗೆ ಜೋಡಿಸುವುದೇ ಅವನ ಕೆಲಸ. ಅವನ ಅಪ್ಪ ಬಂದು, ಇದನ್ನೆಲ್ಲ ಬಿಡಿಸಿ ಸರ್ ಅಂತ ಕೇಳಿಕೊಂಡರು. ನಾನು ಹುಡುಗನನ್ನು ಕರೆದು ಬೈಯಲು ಶುರು ಮಾಡಿದೆ. ಅವನು ತಣ್ಣಗೆ, ‘ಸರ್, ಕೆಜಿಎಫ್ ಎರಡನೇ ಭಾಗಕ್ಕೆ ಎಡಿಟರ್ ಯಾರು ಗೊತ್ತಾ?’ ಅಂದ. ಗೊತ್ತಿರಲಿಲ್ಲ. ಉಜ್ವಲ್ ಕುಲಕರ್ಣಿ. 2022ರಲ್ಲಿ ಸಿನಿಮಾ ಬಿಡುಗಡೆಯಾದಾಗ ಅವರಿಗೆ ಸುಮಾರು 19 ವರ್ಷ. ಅದಕ್ಕೂ ಮೊದಲು ಅವರು ಮಾಡುತ್ತಿದ್ದದ್ದೂ ಇದೇ, ಅಭಿಮಾನಿಯಾಗಿ ತುಣುಕು ಜೋಡಿಸುವ ಕೆಲಸ. ಬೈಯುವುದನ್ನು ಎಲ್ಲಿಗೆ ನಿಲ್ಲಿಸಿದ್ದೆ ಅಂತ ನನಗೇ ಮರೆತುಹೋಯಿತು. ತ್ರಿಕೋನಮಿತಿಯನ್ನಾದರೂ ಸರಿಯಾಗಿ ಮಾಡು ಅಂದು ಕಳಿಸಿದೆ.

ಈ ಹುಡುಗರಿಗೆ ಎಡಿಟರ್ ಹೆಸರು ಗೊತ್ತು, ಸಂಗೀತ ಯಾರದ್ದು ಅಂತ ಗೊತ್ತು, ‘ಎಲಿವೇಶನ್’, ಅಂದರೆ ಹೀರೋನನ್ನು ಎತ್ತಿ ತೋರಿಸುವ ದೃಶ್ಯ, ಎಲ್ಲಿ ಬೇಕಿತ್ತು ಎಲ್ಲಿ ಸುಮ್ನೆ ತುರುಕಿದ್ದಾರೆ ಅನ್ನುವುದು ಗೊತ್ತು. ‘ಓವರ್ ಬಿಲ್ಡಪ್’ ಅಂತ ಅವರು ಎರಡು ಪದದಲ್ಲಿ ಮುಗಿಸುವುದನ್ನು ಹೇಳಲು ನನಗೆ ಅರ್ಧ ಪುಟ ಬೇಕು. ಹಾಗಾಗಿ ಪದ ಕಡಿಮೆ ಅನ್ನುವ ದೂರನ್ನು ನನ್ನ ಹತ್ತಿರ ತರಬೇಡಿ.

ಕೇಳಲೇಬೇಕಿದ್ದರೆ ಇದನ್ನು ಕೇಳಿ: ಯಾವ ಸಿನಿಮಾದ ಬಗ್ಗೆ ಅವರು ಬಾಯಿ ಬಿಡೋದಿಲ್ಲ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

2022ರ ಜೂನ್‌ನಲ್ಲಿ ‘777 ಚಾರ್ಲಿ’ ಬಂತು. ಒಂಟಿ ಮನುಷ್ಯ, ಅವನಿಗೆ ಗಂಟುಬಿದ್ದ ನಾಯಿ, ಆ ನಾಯಿಗೆ ಕ್ಯಾನ್ಸರ್, ಅದಕ್ಕೆ ಹಿಮ ತೋರಿಸಲು ಅವನು ಅದನ್ನು ಹಿಮಾಲಯದವರೆಗೆ ಕರೆದುಕೊಂಡು ಹೋಗುತ್ತಾನೆ. ಆಗಷ್ಟೇ ಮಳೆ ಹಿಡಿದಿತ್ತು. ಐದು ಜನ ಹುಡುಗರು ಒಟ್ಟಿಗೆ ಹೋಗಿದ್ದರು. ಮರುದಿನ ಕೊನೆಯ ಹತ್ತು ನಿಮಿಷ ಬಂತು, ಯಾರೂ ಮಾತಾಡಲಿಲ್ಲ. ಮಳೆ ಸದ್ದು ಮಾತ್ರ. ನಾನೇ ಕೇಳಿದೆ, ‘ಏನ್ರೋ, ಹೇಗಿತ್ತು?’ ಎಲ್ಲರಿಗಿಂತ ಜಾಸ್ತಿ ಮಾತಾಡುವವನು ಪುಸ್ತಕದಿಂದ ತಲೆ ಎತ್ತದೆ ‘ಲ್ಯಾಗ್ ಸರ್’ ಅಂದ. ಉಳಿದ ನಾಲ್ವರೂ ಹೌದು ಹೌದು ಲ್ಯಾಗ್ ಅಂದರು. ಆಮೇಲೆ ಅವನು ತಾನಾಗಿಯೇ ಇನ್ನೊಂದು ಲೆಕ್ಕ ಕೊಡಿ ಅಂತ ಕೇಳಿದ. ಮೂರು ವರ್ಷದಲ್ಲಿ ಅದೇ ಮೊದಲು, ಅದೇ ಕೊನೆ. ಹಿಂದಿನ ಮಳೆಗಾಲದಲ್ಲಿ ಅವರ ಮನೆ ಅಂಗಳದಿಂದಲೇ ಚಿರತೆ ನಾಯಿ ಹೊತ್ತುಕೊಂಡು ಹೋಗಿತ್ತು ಅಂತ ಅವನ ಅಮ್ಮ ಒಂದು ದಿನ ಫೀಸು ಕೊಡಲು ಬಂದಾಗ ಹೇಳಿದರು. ಬೇರೆ ಯಾವುದೋ ವಿಷಯದ ಮಧ್ಯೆ ಬಂದ ಮಾತು.

ಅದೇ ವರ್ಷದ ಕೊನೆಗೆ ಇನ್ನೊಂದು ನಡೆಯಿತು. ಇದನ್ನು ಹೇಳಲಿಕ್ಕಾಗಿಯೇ ಬರೆಯಲು ಕೂತಿದ್ದು.

ಡಿಸೆಂಬರ್, ಅಡಿಕೆ ಸುಲಿಯುವ ಕಾಲ. ನಮ್ಮ ಮನೆಯಲ್ಲಿ ರಾತ್ರಿ ಎಂಟು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ಹತ್ತನೇ ಕ್ಲಾಸಿನ ನನ್ನ ವಿದ್ಯಾರ್ಥಿಯೊಬ್ಬ ತಾಯಿಯ ಜೊತೆ ಸುಲಿಯಲು ಬರುತ್ತಿದ್ದ. ಕ್ಲಾಸಿನಲ್ಲಿ ಬಾಯಿ ತೆರೆಯದ ಹುಡುಗ. ‘ಕಾಂತಾರ’ ಸೆಪ್ಟೆಂಬರ್ 30ಕ್ಕೆ ಬಿಡುಗಡೆಯಾಗಿ ಊರಿಗೆಲ್ಲ ಅದೇ ಮಾತಾಗಿತ್ತು. ನಮ್ಮ ದೊಡ್ಡಪ್ಪ ಕವಳ ಮೆಲ್ಲುತ್ತಾ ಅವನನ್ನು ಹಿಡಿದರು. ‘ಎಂಥದೋ ತಮ್ಮಾ ಅದು ಕಾಂತಾರ ಅಂದ್ರೆ? ಬೆಂಕಿ ಬೆಂಕಿ ಅಂತ್ರಲ್ಲ ಎಲ್ಲಾ. ಬೆಂಕಿ ಬಿಟ್ಟು ಬೇರೆ ಎಂಥಾ ಇದೆಯೋ ಅದ್ರಲ್ಲಿ?’ ಎಲ್ಲರೂ ನಕ್ಕರು. ನನಗೆ ಹುಡುಗನ ಪರ ಏನಾದರೂ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ದೊಡ್ಡಪ್ಪನ ಎದುರು ಮಾತಾಡುವ ಧೈರ್ಯ ನನಗೆ ನಲವತ್ತೆರಡರಲ್ಲೂ ಬಂದಿಲ್ಲ.

ಹುಡುಗ ಕೈ ನಿಲ್ಲಿಸಲಿಲ್ಲ. ಕೈ ಕೆಲಸದಲ್ಲಿದ್ದಾಗ ಮಾತಾಡುವುದು ಸುಲಭ ಅಲ್ವಾ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ‘ಸಿನಿಮಾದಲ್ಲಿ ರಾಜ ಕಾಡಿನ ಭೂಮಿ ಕೊಡೋದು 1847ರಲ್ಲಿ. ಫಾರೆಸ್ಟಿನವರು ಬಂದು ಇದು ನಿಮ್ಮದಲ್ಲ ಅನ್ನೋದು 1990ರಲ್ಲಿ. 143 ವರ್ಷ. ಅಷ್ಟು ವರ್ಷ ಇದ್ದವರ ಹತ್ರಾನೂ ಕಾಗದ ಇರ್ಲಿಲ್ಲ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ನಮ್ಮಜ್ಜನ ಹತ್ರ 75 ವರ್ಷದ್ದು ಕೇಳಿದ್ರು’ ಅಂದ.

ನಗು ನಿಂತಿತು.

ಈ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಚುಟುಕಾಗಿ: 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ, ಬುಡಕಟ್ಟಿನವರಲ್ಲದವರು ಕಾಡಿನ ಭೂಮಿಗೆ ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿಗಳು ತಿರಸ್ಕಾರವಾಗುವುದು ಹೆಚ್ಚಾಗಿ ಇಲ್ಲೇ. ಅಂಗಳದಲ್ಲಿ ಕೂತವರಲ್ಲಿ ಅರ್ಧ ಜನರ ಮನೆಯಲ್ಲಿ ಅಂಥದ್ದೊಂದು ಫೈಲು ಇತ್ತು. ದೊಡ್ಡಪ್ಪನ ಟ್ರಂಕಿನಲ್ಲೂ ಇತ್ತು.

‘ಕೊನೆಗೆ ಎಂಥಾ ಆಗ್ತದೆ?’ ದೊಡ್ಡಪ್ಪ ಕೇಳಿದರು. ಈ ಸಲ ನಗು ಇರಲಿಲ್ಲ.

‘ದೈವ ಬಂದು ಊರವರ ಕೈನೂ ಫಾರೆಸ್ಟ್ ಆಫೀಸರ ಕೈನೂ ಒಟ್ಟಿಗೆ ಹಿಡಿಸ್ತದೆ. ಕಾಗದ ಕೇಳೋದಿಲ್ಲ.’ ಆಮೇಲೆ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿ, ‘ಆ ಸೀನ್ ಬೆಂಕಿ’ ಅಂದ.

1990ರಿಂದ 1847 ಕಳೆದರೆ 143. ಕ್ಲಾಸಿನಲ್ಲಿ ಅವನಿಗೆ ಕಳೆಯುವ ಲೆಕ್ಕ ಬೋರ್ಡಿನ ಮೇಲೆ ಕೊಟ್ಟರೆ ಬೆವರುತ್ತಿದ್ದ. ಸಿನಿಮಾ ಕತ್ತಲೆಯಲ್ಲಿ ಕೂತು, ಸುತ್ತ ಸಿಳ್ಳೆ ಬೀಳುತ್ತಿರುವಾಗ, ಇದನ್ನು ತಲೆಯೊಳಗೇ ಕಳೆದಿದ್ದಾನೆ. ನಾನೂ ಆ ಸಿನಿಮಾ ನೋಡಿದ್ದೆ. ನನಗೆ ಕೊನೆಯ ಕೂಗು ನೆನಪಿತ್ತು, ಎದೆ ಝಲ್ ಅಂದದ್ದು ನೆನಪಿತ್ತು. ಲೆಕ್ಕ ಹೊಳೆದಿರಲಿಲ್ಲ.

ಅವರೆಲ್ಲ ಮನೆಗೆ ಹೋದ ಮೇಲೆ ದೊಡ್ಡಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ, ‘ಅದು ಫೋನಲ್ಲಿ ಬತ್ತನಾ?’ ಅಂದರು. ಆಗಷ್ಟೇ ಪ್ರೈಮ್‌ನಲ್ಲಿ ಬಂದಿತ್ತು. ಹಾಕಿಕೊಟ್ಟೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಂಬಳಿ ಹೊದ್ದು, ಎರಡೂವರೆ ಗಂಟೆ ಒಂದೇ ಭಂಗಿಯಲ್ಲಿ ಕೂತು ನೋಡಿದರು. ನಡುವೆ ಒಮ್ಮೆ ಕನ್ನಡಕ ಒರೆಸಿಕೊಂಡರು. ಬೆಳಿಗ್ಗೆ ಆಸರಿ ಕುಡಿಯುವಾಗ ನಾನು ಸುಮ್ಮನಿರಬೇಕಿತ್ತು, ಬಾಯಿ ತಪ್ಪಿ ಹೇಗಿತ್ತು ಅಂತ ಕೇಳಿಬಿಟ್ಟೆ.

‘ಅಡ್ಡಿಲ್ಲೆ’ ಅಂದು ಲೋಟ ಇಟ್ಟು ತೋಟಕ್ಕೆ ಹೋದರು.

ಅವತ್ತು ಸಂಜೆ ಹುಡುಗ ಅಡಿಕೆ ಬುಟ್ಟಿ ಎಳೆದುಕೊಳ್ಳುತ್ತಾ, ‘ಸರ್, ಅವರು ನೋಡಿದ್ರಂತೆ. ಏನಂದ್ರು?’ ಅಂತ ಕೇಳಿದ.

‘ಅಡ್ಡಿಲ್ಲೆ ಅಂದ್ರು.’

ಕತ್ತಿ ಮೇಲೆ ಕಾಲಿಟ್ಟವನು ಹಾಗೇ ನನ್ನನ್ನು ನೋಡಿದ. ‘ಅಷ್ಟೇನಾ ಸರ್?’