ನಂಟಿತ್ತು ಅನ್ನೋ ಮಾಹಿತಿ ಯುದ್ಧಕ್ಕೆ ಸಾಕಿತ್ತಾ?

2003ರ ಇರಾಕ್ ಯುದ್ಧದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸದ್ದಾಂಗೂ ಅಲ್ ಖೈದಾಗೂ ನಂಟಿದೆ ಅಂತ ಗುಪ್ತಚರರೇ ವರದಿ ಕೊಟ್ಟಿದ್ದರಲ್ಲ, ಅಷ್ಟು ಗೊತ್ತಿದ್ದೂ ಅಮೆರಿಕ ಸುಮ್ನೆ ಕೂರಬೇಕಿತ್ತಾ?" ಮುಂಬೈ ದಾಳಿಯನ್ನು ಟಿವಿಯಲ್ಲಿ ಕಣ್ಣಾರೆ ನೋಡಿದ ನಮಗೆ ಈ ಪ್ರಶ್ನೆ ಬರೋದು ಸಹಜ. ಆದರೂ ನನ್ನ ಉತ್ತರ, ಆ ಮಾಹಿತಿ ಯುದ್ಧಕ್ಕೆ ಸಾಲುತ್ತಿರಲಿಲ್ಲ. ಅದು ಎಲ್ಲಿಂದ ಬಂತು ಅಂತ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಅಫ್ಘಾನಿಸ್ತಾನದಲ್ಲಿ ತರಬೇತಿ ಶಿಬಿರ ನಡೆಸುತ್ತಿದ್ದ ಇಬ್ನ್ ಅಲ್-ಶೇಖ್ ಅಲ್-ಲಿಬಿ 2001ರ ಕೊನೆಯಲ್ಲಿ ಸಿಕ್ಕಿಬಿದ್ದ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಅವನನ್ನು ಈಜಿಪ್ಟ್‌ಗೆ ಸಾಗಿಸಿತು. ಅಲ್ಲಿ ಇರಾಕ್ ನಂಟಿನ ಬಗ್ಗೆ ಕೇಳಿದಾಗ ತನಗೆ ಏನೂ ಗೊತ್ತಿರಲಿಲ್ಲ, ಕಥೆ ಕಟ್ಟೋದಕ್ಕೂ ತೋಚಲಿಲ್ಲ ಅಂತ ಅವನೇ ಆಮೇಲೆ ಹೇಳಿದ್ದಾನೆ. ಅವನ ಪ್ರಕಾರ, ಸುಮಾರು 50 ಸೆಂಟಿಮೀಟರ್ ಉದ್ದಗಲದ ಪೆಟ್ಟಿಗೆಯಲ್ಲಿ ಅವನನ್ನು ಸುಮಾರು 17 ಗಂಟೆ ತುರುಕಿಟ್ಟಿದ್ದರು. ಹೊರಗೆ ತೆಗೆದು ನಿಜ ಹೇಳು ಅಂದರು. ಉತ್ತರ ಹಿಡಿಸದಿದ್ದಾಗ ಕೆಡವಿ ಗುದ್ದಿದರು. ಆಗ ಅವರಿಗೆ ಬೇಕಾದದ್ದನ್ನು ಹೇಳತೊಡಗಿದ. ಅಲ್ ಖೈದಾದವರಿಗೆ ಇರಾಕ್ ರಾಸಾಯನಿಕ, ಜೈವಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂಬ ಮಾತು ಬಂದದ್ದು ಇವನ ಬಾಯಿಂದಲೇ.

ಇದನ್ನು ಆಗಲೇ ಅನುಮಾನಿಸಿದವರಿದ್ದರು. 2002ರ ಫೆಬ್ರವರಿಯಲ್ಲೇ ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ, ಇವನು ಬೇಕಂತಲೇ ದಾರಿ ತಪ್ಪಿಸುತ್ತಿರುವ ಸಾಧ್ಯತೆ ಜಾಸ್ತಿ ಅಂತ ಬರೆದಿತ್ತು. ತರಬೇತಿ ಕೊಟ್ಟ ಇರಾಕಿಗಳು ಯಾರು, ಯಾವ ವಸ್ತು, ಯಾವ ಜಾಗ, ಯಾವುದಕ್ಕೂ ಅವನಲ್ಲಿ ವಿವರ ಇರಲಿಲ್ಲ. ಅದಾಗಿ ಒಂದು ವರ್ಷಕ್ಕೆ, 2003ರ ಫೆಬ್ರವರಿ 5ರಂದು, ಅಮೆರಿಕದ ಆಗಿನ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಕೂತು ಇದೇ ಕಥೆಯನ್ನು, ಹಿರಿಯ ಉಗ್ರನೊಬ್ಬ ಹೇಳಿದ್ದು ಅಂತ, ಹೆಸರೆತ್ತದೆ ಜಗತ್ತಿನ ಮುಂದಿಟ್ಟರು. ಅನುಮಾನದ ಮಾತು ಒಂದೂ ಬರಲಿಲ್ಲ. ಮಾರ್ಚ್ 20ಕ್ಕೆ ಯುದ್ಧ ಶುರು. 2004ರಲ್ಲಿ ಅಲ್-ಲಿಬಿ ಮಾತು ಹಿಂತೆಗೆದುಕೊಂಡ, ಸಿಐಎ ಕೂಡ ಆ ವರದಿಗಳನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ಬಾಗ್ದಾದ್ ಬಿದ್ದು ಹೆಚ್ಚುಕಡಿಮೆ ಒಂದು ವರ್ಷ ಆಗಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಸೆಪ್ಟೆಂಬರ್ 11ರ ದಾಳಿಕೋರ ಮೊಹಮ್ಮದ್ ಅಟ್ಟಾ ಪ್ರಾಗ್‌ನಲ್ಲಿ ಇರಾಕಿ ಅಧಿಕಾರಿಯನ್ನು ಭೇಟಿಯಾಗಿದ್ದ ಎಂಬ ಸುದ್ದಿಯೂ ಹೀಗೇ. ಭೇಟಿ ನಡೆಯಿತು ಎನ್ನಲಾದ ದಿನಗಳಲ್ಲಿ ಅವನ ಮೊಬೈಲ್ ಫ್ಲೋರಿಡಾದಲ್ಲಿ ಬಳಕೆಯಲ್ಲಿತ್ತು. ಆ ಭೇಟಿ ನಡೆದೇ ಇಲ್ಲ ಅಂತ ಸೆಪ್ಟೆಂಬರ್ 11ರ ದಾಳಿಯ ತನಿಖೆಗೆ ಅಮೆರಿಕ ನೇಮಿಸಿದ್ದ ಆಯೋಗ ನಂಬಿತು.

"ಹಾಗಾದ್ರೆ ನಂಟೇ ಇರಲಿಲ್ವಾ?" ಅಂತ ಮುಂದಿನ ಪ್ರಶ್ನೆ. ಸಂಪರ್ಕ ಇತ್ತು. 1990ರ ದಶಕದಲ್ಲಿ ಬಿನ್ ಲಾಡೆನ್ ಸುಡಾನಿನಲ್ಲಿದ್ದಾಗ ಇರಾಕಿ ಗುಪ್ತಚರ ಅಧಿಕಾರಿಯೊಬ್ಬ ಅವನನ್ನು ಕಂಡಿದ್ದ. ಆದರೆ ಭೇಟಿಯಾಗೋದು ಬೇರೆ, ಕೈಜೋಡಿಸೋದು ಬೇರೆ. ಇಬ್ಬರೂ ಸೇರಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಸಿಗಲಿಲ್ಲ ಅಂತ 2004ರಲ್ಲಿ ಅದೇ ಆಯೋಗ ಹೇಳಿತು. ನಂಟಿಗೆ ಸಾಕ್ಷಿ ಅಂತ ತೋರಿಸುತ್ತಿದ್ದ ಜೋರ್ಡಾನಿನ ಉಗ್ರ ಜರ್ಖಾವಿ 2002ರಲ್ಲಿ ಬಾಗ್ದಾದಿನಲ್ಲಿದ್ದದ್ದೂ ನಿಜ. ಆದರೆ ಸದ್ದಾಂ ಆಡಳಿತ ಅವನನ್ನು ಹಿಡಿಯೋಕೆ ನೋಡಿ ಸೋತಿತ್ತು ಅಂತ 2006ರ ಸೆನೆಟ್ ವರದಿಯಲ್ಲಿದೆ. ಅವನು ಬಿನ್ ಲಾಡೆನ್‌ಗೆ ನಿಷ್ಠೆ ಘೋಷಿಸಿದ್ದು 2004ರ ಅಕ್ಟೋಬರ್‌ನಲ್ಲಿ, ಅಮೆರಿಕದ ಸೇನೆ ಬಂದು ಕೂತ ಮೇಲೆ.

ಅಫ್ಘಾನಿಸ್ತಾನದ ಮಾತು ಬೇರೆ. ಬಿನ್ ಲಾಡೆನ್ ಅಲ್ಲೇ ಇದ್ದ, ಶಿಬಿರಗಳು ಅಲ್ಲೇ ಇದ್ದವು, ತಾಲಿಬಾನ್ ಅವನನ್ನು ಒಪ್ಪಿಸಲಿಲ್ಲ. ಆ ನಂಟನ್ನು ಯಾರನ್ನೂ ಪೆಟ್ಟಿಗೆಗೆ ತುರುಕಿ ಹೊರತೆಗೆಯಬೇಕಾಗಿರಲಿಲ್ಲ. ಆ ಯುದ್ಧ ಮುಂದೆ ಹೇಗೆ ನಡೆಯಿತು ಅನ್ನೋದು ಇನ್ನೊಂದು ಚರ್ಚೆ.

ಕೊನೆಗೆ "ಏನೇ ಆಗಲಿ, ಸದ್ದಾಂ ಕ್ರೂರಿ ತಾನೇ?" ಅನ್ನುತ್ತಾರೆ. ಕ್ರೂರಿಯೇ. 1988ರಲ್ಲಿ ಇರಾಕಿನದೇ ಹಲಬ್ಜ ಪಟ್ಟಣದ ಕುರ್ದ್ ಜನರ ಮೇಲೆ ವಿಷಾನಿಲ ಸುರಿಸಿ ಸಾವಿರಾರು ಜನರನ್ನು ಕೊಂದ ಆಡಳಿತ ಅದು. ಅದಕ್ಕಾಗಿ ಯುದ್ಧ ಬೇಕಿತ್ತು ಅನ್ನುವವರು ಅದನ್ನೇ ಹೇಳಿ ವಾದಿಸಲಿ, ಕೂತು ಕೇಳುತ್ತೇನೆ. ಆದರೆ 2003ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆ ಪ್ರಕಾರ 69% ಅಮೆರಿಕನ್ನರು ಅವಳಿ ಗೋಪುರದ ದಾಳಿಯಲ್ಲಿ ಸದ್ದಾಂ ಕೈವಾಡ ಇರಬಹುದು ಅಂತ ನಂಬಿದ್ದರು. ಅದಕ್ಕೆ ಸಾಕ್ಷಿ ಇಲ್ಲ ಅಂತ ಅಧ್ಯಕ್ಷ ಬುಷ್ ಬಾಯಿಬಿಟ್ಟು ಹೇಳಿದ್ದೂ ಅದೇ ತಿಂಗಳು. ಆಗ ಯುದ್ಧ ಶುರುವಾಗಿ ಆರು ತಿಂಗಳಾಗಿತ್ತು.