ರೆಫ್ರಿ ಮೇಲೊಂದು ಕಂಪ್ಲೇಂಟ್

ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಎಲ್ಲಿದೆ ಅಂತ ಕೇಳಿದರೆ ಬೆಂಗಳೂರಿನವರೇ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ. ಗರುಡಾ ಮಾಲ್ ಹತ್ತಿರ ಅಂದ ಮೇಲೆ ಗೊತ್ತಾಗುತ್ತದೆ. ಮಾಲ್‌ಗೆ ಹೋಗುವವರಲ್ಲಿ ಎಷ್ಟು ಜನ ಈ ಕಡೆ ತಿರುಗಿ ನೋಡುತ್ತಾರೋ, ಅದು ಬೇರೆ ವಿಷಯ. ಬೆಂಗಳೂರು ಎಫ್‌ಸಿ ಶುರುವಾದ 2013ರಲ್ಲಿ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನ ಮೊದಲ ಮ್ಯಾಚ್ ಆಡಿದ್ದು ಇಲ್ಲೇ, ಮೋಹನ್ ಬಗಾನ್ ಎದುರು. ಆ ಮೊದಲ ಸೀಸನ್‌ನಲ್ಲೇ ಕಪ್ ಗೆದ್ದು, ಆಮೇಲೆ ಕಂಠೀರವಕ್ಕೆ ಹೋದರು. ಅಶೋಕನಗರದ ಮೈದಾನ ಮತ್ತೆ ಜಿಲ್ಲಾ ಲೀಗ್‌ನ ಹುಡುಗರ ಪಾಲಿಗೆ ಉಳಿಯಿತು.

ನಮ್ಮ ಏರಿಯಾ ತಂಡ ಆಡುವುದು ಆ ಲೀಗ್‌ನ ಮೇಲಿನ ಹಂತವಾದ ಸೂಪರ್ ಡಿವಿಷನ್‌ಗಿಂತ ಕೆಳಗೆ. ಹೆಸರು ಬೇಡ. ಹೇಳಿದರೆ ನಾಳೆಯಿಂದ ಅವರ ಜೊತೆ ಟೀ ಕುಡಿಯುವುದು ಕಷ್ಟ. ಮ್ಯಾಚ್ ಇರುವುದು ವಾರದ ದಿನ, ಮಧ್ಯಾಹ್ನದ ಹೊತ್ತು. ಆಫೀಸಿನಲ್ಲಿ ಏನಾದರೂ ನೆಪ ಹೇಳಿ ಬರಬೇಕು. ನೋಡುವವರು ಅಂದರೆ ಆಡುವ ಹುಡುಗರ ಅಣ್ಣ ತಮ್ಮಂದಿರು, ತಂಡದಲ್ಲಿ ಜಾಗ ಸಿಗದೆ ಮುನಿಸಿಕೊಂಡವರು, ಹಳೇ ಪ್ಲೇಯರ್‌ಗಳು, ಮತ್ತೆ ನನ್ನಂಥ ಕೆಲವರು. ಕಂಠೀರವದಲ್ಲಿ ಕೂಗಿದರೆ ಸಾವಿರಾರು ಜನರ ಗಲಾಟೆಯಲ್ಲಿ ನಮ್ಮ ದನಿ ನಮಗೇ ಕೇಳಿಸುವುದಿಲ್ಲ. ಇಲ್ಲಿ ಬೈದರೆ ರೆಫ್ರಿಗೆ ಅಕ್ಷರ ಅಕ್ಷರ ಕೇಳಿಸುತ್ತದೆ. ಕನ್ನಡ, ತಮಿಳು, ಉರ್ದು, ಮೂರರಲ್ಲೂ. ಕೆಲವು ರೆಫ್ರಿಗಳು ತಿರುಗಿ ಒಂದು ನೋಟ ಕೊಡುತ್ತಾರೆ. ಆಗ ನಾವೆಲ್ಲ ಆಕಾಶ ನೋಡುತ್ತೇವೆ.

ಅವತ್ತು ಎದುರಿಗಿದ್ದ ತಂಡ ಟೇಬಲ್‌ನಲ್ಲಿ ನಮಗಿಂತ ಮೇಲಿತ್ತು. ಆದರೂ ಶುರುವಿನಲ್ಲೇ ನಮ್ಮ ಹುಡುಗರು ಹಿಡಿತ ಸಾಧಿಸಿದರು. ಕಾರಣ ನಮ್ಮ ಏಳನೇ ನಂಬರ್. ಸಣ್ಣ ಹುಡುಗ, ಕಡ್ಡಿ ಕಾಲು, ರೈಟ್ ವಿಂಗ್‌ನಲ್ಲಿ ಆಡುತ್ತಾನೆ. ಬಾಲ್ ಸಿಕ್ಕ ಕೂಡಲೇ ಎದುರಿನ ಲೆಫ್ಟ್ ಬ್ಯಾಕ್ ಮೇಲೆ ನೇರ ಓಡುತ್ತಾನೆ. ಆ ಲೆಫ್ಟ್ ಬ್ಯಾಕ್ ಪಾಪ, ಹತ್ತು ನಿಮಿಷಕ್ಕೇ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ. ಏಳನೇ ನಂಬರ್ ಹಾಕಿದ ಕ್ರಾಸ್‌ಗೆ ನಮ್ಮ ಸ್ಟ್ರೈಕರ್ ತಲೆ ಕೊಟ್ಟ. 1-0. ನನ್ನ ಪಕ್ಕ ಯಾವಾಗಲೂ ಕೂರುವ ಅಂಕಲ್ ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದರು. ಅವರು ಹಿಂದೆ ಒಂದು ಕಾರ್ಖಾನೆ ತಂಡಕ್ಕೆ ಆಡಿದವರು. ಖುಷಿಯಾದಾಗ ಮಾತ್ರ ಕಡಲೆಕಾಯಿ ಹಂಚುತ್ತಾರೆ.

ಅರ್ಧ ಗಂಟೆ ಆಗಿರಬೇಕು, ಆಗ ಬಂತು ಆ ಆಫ್‌ಸೈಡ್.

ಎದುರು ತಂಡದವರು ಸಮ ಮಾಡುವ ಆತುರದಲ್ಲಿ ಎಲ್ಲರೂ ಮುಂದೆ ಬಂದಿದ್ದರು. ಅವರ ಕೊನೆಯ ಡಿಫೆಂಡರ್ ಸೆಂಟರ್ ಲೈನ್ ಹತ್ತಿರ ನಿಂತಿದ್ದ. ನಮ್ಮ ಮಿಡ್‌ಫೀಲ್ಡರ್ ಬಾಲ್ ಕಸಿದುಕೊಂಡು ಉದ್ದಕ್ಕೆ ಒದ್ದ. ಆ ಕ್ಷಣಕ್ಕೆ ನಮ್ಮ ಸ್ಟ್ರೈಕರ್ ಇದ್ದದ್ದು ನಮ್ಮದೇ ಅರ್ಧದಲ್ಲಿ. ಬಾಲ್ ಒದ್ದ ಕ್ಷಣಕ್ಕೆ ಎದುರಿನ ಕೊನೆಯ ಡಿಫೆಂಡರ್‌ಗಿಂತ ಗೋಲಿನ ಹತ್ತಿರ ಇದ್ದರೆ ತಾನೇ ಆಫ್‌ಸೈಡ್? ಅದರಲ್ಲೂ ಸ್ವಂತ ಅರ್ಧದಲ್ಲಿದ್ದವನು ಆಫ್‌ಸೈಡ್ ಆಗುವುದೇ ಇಲ್ಲ. ರೂಲ್ ಅಷ್ಟು ಸರಳ. ಅವನು ಓಡಿದ, ಕೀಪರನ್ನು ದಾಟಿದ, ಖಾಲಿ ಗೋಲಿಗೆ ತಳ್ಳಿದ. ನಾವು ಎದ್ದು ನಿಂತು ಕುಣಿದೂ ಆಯಿತು. ಆಮೇಲೆ ನೋಡಿದರೆ ಲೈನ್ಸ್‌ಮನ್ ಬಾವುಟ ಎತ್ತಿಕೊಂಡು ನಿಂತಿದ್ದಾರೆ.

ನಾನು ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನಾವು ಕೂರುವ ಜಾಗ ಸೆಂಟರ್ ಲೈನ್‌ಗೆ ಸರಿಯಾಗಿ ನೇರ ಇದೆ. ಅಷ್ಟು ಒಳ್ಳೆಯ ಜಾಗ ಲೈನ್ಸ್‌ಮನ್‌ಗೂ ಇರಲಿಲ್ಲ. ಅವರು ಕೊನೆಯ ಡಿಫೆಂಡರ್‌ನ ಸಾಲಿಗೇ ನಿಂತಿರಬೇಕಿತ್ತು. ಆದರೆ ನಾಲ್ಕೈದು ಹೆಜ್ಜೆ ಗೋಲಿನ ಕಡೆಗೆ ಸರಿದಿದ್ದರು. ಅಲ್ಲಿಂದ ಓರೆಯಾಗಿ ನೋಡಿದರೆ ಕಣ್ಣು ಮೋಸ ಮಾಡುತ್ತದೆ. ಈಚೆಗಿನ ಡಿಫೆಂಡರ್ ಮತ್ತು ಆಚೆಗಿನ ಸ್ಟ್ರೈಕರ್ ಒಂದೇ ಸಾಲಿನಲ್ಲಿದ್ದರೂ ಸ್ಟ್ರೈಕರ್ ಮುಂದಿದ್ದ ಹಾಗೆ ಕಾಣುತ್ತದೆ. ಅವರಿಗೆ ನಮ್ಮ ತಂಡದ ಮೇಲೆ ಏನೂ ದ್ವೇಷ ಇಲ್ಲ. ಬಿಸಿಲಿನಲ್ಲಿ ಕಾಲು ಎಳೆಯುತ್ತಿತ್ತು, ಹಿಂದೆ ಬರುವುದು ತಡವಾಯಿತು. ಅಷ್ಟೇ. ಇದೆಲ್ಲ ಈಗ ನಿಧಾನವಾಗಿ ಬರೆಯುವಾಗ ಹೊಳೆಯುವ ಮಾತು. ಆಗ ನಾನು ಏನು ಕೂಗಿದೆ ಅಂತ ಇಲ್ಲಿ ಬರೆಯಲಾರೆ.

ಅಂಕಲ್ ಮಾತ್ರ ಕೂತೇ ಇದ್ದರು. "ಕೂತ್ಕೊಳ್ಳಿ, ಬಾವುಟ ಎತ್ತಿ ಆಯ್ತು. ಇನ್ನು ಕೆಳಗಿಳಿಸಲ್ಲ" ಅಂದರು.

ನಿಜ. ವಿಡಿಯೋ ನೋಡಿ ರೆಫ್ರಿ ತೀರ್ಪು ತಿದ್ದುವ ವಿಎಆರ್ ಇಲ್ಲಿ ಎಲ್ಲಿಂದ ತರುವುದು? 2024-25ರ ಸೀಸನ್‌ನಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ಗೇ ಇರಲಿಲ್ಲ. ಕಡಿಮೆ ಖರ್ಚಿನ ವಿಎಆರ್ ತರುವ ಮಾತು ಎದ್ದದ್ದು 2023ರ ಆ ಗಲಾಟೆಯ ಮೇಲೆ. ಫುಟ್‌ಬಾಲ್ ನೋಡುವ ಬೆಂಗಳೂರಿನವರಿಗೆ ಅದು ಯಾವ ಗಲಾಟೆ ಅಂತ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ, ಹೇಳುವುದಕ್ಕೆ ನನಗೂ ಖುಷಿ.

2023ರ ಮಾರ್ಚ್ 3, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಯ ಐಎಸ್‌ಎಲ್ ಪ್ಲೇ ಆಫ್. ಎದುರಿಗೆ ಕೇರಳ ಬ್ಲಾಸ್ಟರ್ಸ್. ತೊಂಬತ್ತು ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್‌ನ 96ನೇ ನಿಮಿಷ, ಬಾಕ್ಸ್ ಹೊರಗೆ ನಮಗೆ ಫ್ರೀ ಕಿಕ್. ಅವರ ಕೀಪರ್ ಇನ್ನೂ ಅಡ್ಡ ನಿಲ್ಲುವ ಆಟಗಾರರ ಗೋಡೆ ಜೋಡಿಸುತ್ತಿದ್ದ. ಸುನಿಲ್ ಛೆಟ್ರಿ ಯಾರಿಗೂ ಕಾಯದೆ ಬಾಲನ್ನು ಮೆಲ್ಲಗೆ ಎತ್ತಿ ಗೋಲಿಗೆ ಹಾಕಿಬಿಟ್ಟರು. ರೆಫ್ರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ತಮ್ಮ ಹುಡುಗರನ್ನೆಲ್ಲ ಮೈದಾನದಿಂದ ಕರೆದುಕೊಂಡು ಹೊರಗೆ ಹೋದರು. ವಾಪಸ್ ಬರಲೇ ಇಲ್ಲ. ನಾನು ವೆಸ್ಟ್ ಬ್ಲಾಕ್‌ನಲ್ಲಿದ್ದೆ. ಮೊದಲು ಏನಾಯಿತು ಅಂತಲೇ ಅರ್ಥವಾಗಲಿಲ್ಲ. ಆಮೇಲೆ ನಾವೆಲ್ಲ ರೂಲ್ ಪಂಡಿತರಾದೆವು. ವಿಷಲ್ ಆಗುವವರೆಗೆ ಕಾಯಿರಿ ಅಂತ ರೆಫ್ರಿ ಸನ್ನೆ ಮಾಡದಿದ್ದರೆ ಬೇಗ ಒದೆಯಬಹುದು, ಅದು ರೂಲ್ ಬುಕ್‌ನಲ್ಲೇ ಇದೆ ಅಂತ ಆಟೋದವನಿಗೂ ಪಾಠ ಮಾಡಿದೆ. ಬ್ಲಾಸ್ಟರ್ಸ್ ಕೊಟ್ಟ ದೂರನ್ನು ಫೆಡರೇಷನ್ ತಳ್ಳಿಹಾಕಿತು. ಆ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಮ್ಯಾಚ್ ನಿಷೇಧ.

ಇದರ ಮಧ್ಯೆ ಇನ್ನೊಂದು ಸಂಗತಿ ಮುಚ್ಚಿಹೋಯಿತು. ಮಾರನೇ ದಿನ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ಮೇಲೆ! ಹಿಂದಿನ ಸಲ ಗೆದ್ದಾಗ ನಮ್ಮ ತಂಡದ ಹೆಸರು ಇನ್ನೂ ಮೈಸೂರು. ಗೆದ್ದ ಹುಡುಗರಲ್ಲಿ ಹಲವರು ಬೆಂಗಳೂರಿನ ಲೀಗ್‌ನಲ್ಲೇ ಆಡಿ ಬೆಳೆದವರು. ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಅವತ್ತೂ ಫ್ರೀ ಕಿಕ್ ಚರ್ಚೆಯೇ ನಡೆಯುತ್ತಿತ್ತು. ನನಗೆ ಇವತ್ತಿಗೂ ಅದು ಬೇಸರ.

ಇರಲಿ, ಮ್ಯಾಚ್‌ಗೆ ಬರೋಣ. ಹಾಫ್ ಟೈಮ್‌ನಲ್ಲಿ 1-0. ಎರಡನೇ ಗೋಲು ಕೈತಪ್ಪಿದರೂ ನಾವೇ ಚೆನ್ನಾಗಿ ಆಡುತ್ತಿದ್ದೆವು. ಇಲ್ಲಿಯವರೆಗಿನ ಸಿಟ್ಟೆಲ್ಲ ಲೈನ್ಸ್‌ಮನ್ ಮೇಲೆ. ಅದರಲ್ಲಿ ನ್ಯಾಯ ಇತ್ತು. ಆದರೆ ಅವತ್ತು ನನ್ನ ಹೊಟ್ಟೆ ಉರಿಸಿದ್ದು ಅದಲ್ಲ.

65ನೇ ನಿಮಿಷದ ಹೊತ್ತಿಗೆ ಬೆಂಚಿನ ಕಡೆ ಓಡಾಟ ಶುರುವಾಯಿತು. ಹೊರಗೆ ಬರಬೇಕಾದವನ ನಂಬರ್ ತೋರಿಸುವ ಬೋರ್ಡ್ ಮೇಲೆ ಬಂತು. ಏಳು! ನಾನು ಕಣ್ಣು ಉಜ್ಜಿಕೊಂಡೆ. ಆ ಹುಡುಗನೂ ನಂಬಲಿಲ್ಲ, ತನ್ನ ಎದೆ ಮುಟ್ಟಿಕೊಂಡು "ನಾನಾ?" ಅಂತ ಕೇಳಿದ. ಅವನ ಬದಲು ಒಳಗೆ ಬಂದದ್ದು ಯಾರು? ಇನ್ನೊಬ್ಬ ಸ್ಟಾಪರ್, ಅಂದರೆ ಗೋಲಿನ ಮುಂದೆ ನಿಲ್ಲುವ ಡಿಫೆಂಡರ್. ಆಗಲೇ ಇಬ್ಬರು ಇದ್ದರು, ಈಗ ಮೂವರು. ಲೀಡ್ ಕಾಪಾಡಬೇಕಂತೆ. ಇನ್ನೂ ಇಪ್ಪತ್ತೈದು ನಿಮಿಷ ಬಾಕಿ ಇರುವಾಗ!

ಎದುರು ತಂಡದ ಲೆಫ್ಟ್ ಬ್ಯಾಕ್‌ನ ಮುಖ ನೋಡಬೇಕಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತು ಅಂತ ಗೊತ್ತಾದ ಹುಡುಗನ ಮುಖ. ಒಂದು ಗಂಟೆ ಅವನು ಸೆಂಟರ್ ಲೈನ್ ದಾಟಿರಲಿಲ್ಲ. ಐದೇ ನಿಮಿಷದಲ್ಲಿ ನಮ್ಮ ಕಾರ್ನರ್ ಹತ್ತಿರ ಬಂದು ಕ್ರಾಸ್ ಹಾಕತೊಡಗಿದ. ವಿಂಗರ್ ಅಂದರೆ ಗೋಲು ಹೊಡೆಯುವುದಕ್ಕೆ ಮಾತ್ರ ಅಲ್ಲ. ಎದುರಿನವರನ್ನು ಹೆದರಿಸಿ ಹಿಂದೆ ಕೂರಿಸುವುದೂ ಡಿಫೆನ್ಸೇ. ಇದು ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತು. ಕಡಲೆಕಾಯಿ ಪೊಟ್ಟಣ ಅಂಕಲ್ ಜೇಬಿಗೆ ಹೋಯಿತು.

"ಸುಸ್ತಾಗಿರಬೇಕು ಹುಡುಗನಿಗೆ" ಅಂದೆ, ಕೋಚ್ ಪರವಾಗಿ ಏನಾದರೂ ಹೇಳಬೇಕಲ್ಲ ಅಂತ.

"ಸುಸ್ತಾಗಿದ್ದು ಕೋಚ್‌ಗೆ" ಅಂದರು ಅಂಕಲ್.

ಆಮೇಲಿನದು ಗೋಲ್ ಕಿಕ್ ಕಥೆ. 2019ರಲ್ಲಿ ರೂಲ್ ಬದಲಾಯಿತು. ಮೊದಲು ಗೋಲ್ ಕಿಕ್‌ನಲ್ಲಿ ಬಾಲ್ ಪೆನಾಲ್ಟಿ ಬಾಕ್ಸ್ ದಾಟಿ ಹೊರಗೆ ಬರಬೇಕಿತ್ತು. ಈಗ ಬಾಕ್ಸ್ ಒಳಗಿರುವ ನಮ್ಮವನಿಗೇ ಪಾಸ್ ಕೊಡಬಹುದು. ಟಿವಿಯಲ್ಲಿ ಯೂರೋಪಿನ ದೊಡ್ಡ ತಂಡಗಳು ಹಾಗೆ ಹಿಂದಿನಿಂದ ಪಾಸ್ ಮಾಡಿಕೊಂಡು ಬರುವುದು ನೋಡಲು ಚೆಂದ. ಅವರ ಸ್ಟಾಪರ್‌ಗಳು ಕಣ್ಣು ಮುಚ್ಚಿಕೊಂಡೂ ಬಾಲ್ ನಿಲ್ಲಿಸುತ್ತಾರೆ. ನಮ್ಮಲ್ಲಿ ಕೃತಕ ಹುಲ್ಲು, ಬಾಲ್ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತದೆ. ಪ್ರಾಕ್ಟೀಸ್ ಮಾಡುವುದು ಮಣ್ಣಿನ ಗ್ರೌಂಡ್‌ನಲ್ಲಿ. ಆದರೂ ಈಗ ಯಾವ ಡಿವಿಷನ್ ಕೋಚ್ ಆದರೂ ಸರಿ, ಕೀಪರ್ ಉದ್ದ ಒದೆಯುವಂತಿಲ್ಲ. ಹಿಂದಿನಿಂದಲೇ ಕಟ್ಟಬೇಕು. ನಮ್ಮ ಕೀಪರ್ ಶಿಸ್ತಿನ ಹುಡುಗ, ಹೇಳಿದ ಹಾಗೆ ಮಾಡಿದ. ಹೊಸದಾಗಿ ಬಂದ ಸ್ಟಾಪರ್‌ಗೆ ಪುಟ್ಟ ಪಾಸ್ ಕೊಟ್ಟ. ಬಾಲ್ ಅವನ ಕಾಲಿಗೆ ಬಡಿದು ಎರಡು ಗಜ ಚಿಮ್ಮಿತು. ಬಾಕ್ಸ್ ಅಂಚಿನಲ್ಲಿ ಕಾಯುತ್ತಿದ್ದ ಅವರ ಸ್ಟ್ರೈಕರ್‌ಗೆ ಇನ್ನೇನು ಬೇಕು? 1-1.

ಇದರಲ್ಲಿ ರೆಫ್ರಿ ತಪ್ಪು ಏನಾದರೂ ಇದೆಯಾ? ಆದರೂ ನಮ್ಮ ಹಿಂದಿನ ಸಾಲಿನಿಂದ ಒಬ್ಬ "ರೆಫ್ರಿ ದುಡ್ಡು ತಿಂದಿದ್ದಾನೆ" ಅಂತ ಕೂಗಿದ. ಅಭ್ಯಾಸಬಲ.

ಕೊನೆಗೆ ಪೆನಾಲ್ಟಿ. ಕಾರ್ನರ್ ಬಾಲ್ ಬಂತು, ಅದೇ ಮೂರನೇ ಸ್ಟಾಪರ್ ಎದುರಿನವನ ಜರ್ಸಿ ಹಿಡಿದು ಎಳೆದ. ಜರ್ಸಿ ಎಷ್ಟು ಹಿಗ್ಗಿತು ಅಂದರೆ ನಾನಿದ್ದ ಜಾಗಕ್ಕೂ ಕಂಡಿತು. ರೆಫ್ರಿ ಹತ್ತು ಹೆಜ್ಜೆ ದೂರದಲ್ಲಿದ್ದರು, ವಿಷಲ್ ಊದಿದರು. ನಮ್ಮವರೆಲ್ಲ ಹೋಗಿ ಸುತ್ತುವರಿದರು. ಸ್ಟ್ಯಾಂಡ್‌ನಲ್ಲಿ ಮತ್ತೆ ಗಲಾಟೆ. ನನಗೆ ಬಾಯಿ ಬರಲಿಲ್ಲ. 2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್ ನೆನಪಾಯಿತು. ಕೋಲ್ಕತ್ತಾದ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್ ಎದುರು ಬೆಂಗಳೂರು 1-0 ಮುಂದಿತ್ತು. ಬಾಕ್ಸ್ ಒಳಗೆ ನಮ್ಮವರ ಹ್ಯಾಂಡ್ ಬಾಲ್, ಪೆನಾಲ್ಟಿ, ಅವರ ಕಮಿಂಗ್ಸ್ ಹೊಡೆದು ಸಮ ಮಾಡಿದರು. ಎಕ್ಸ್‌ಟ್ರಾ ಟೈಮ್‌ನಲ್ಲಿ ಮ್ಯಾಕ್ಲಾರೆನ್ ಗೋಲು, ಕಪ್ ಮೋಹನ್ ಬಗಾನ್‌ಗೆ. ಅವತ್ತು ಬೈಯುವುದಕ್ಕೆ ಯಾರೂ ಸಿಗದೆ ಟಿವಿ ಆಫ್ ಮಾಡಿ ಮಲಗಿದ್ದೆ. ಬೈಯಲು ಒಬ್ಬ ರೆಫ್ರಿ ಸಿಕ್ಕಿದ್ದರೆ ಇನ್ನೂ ಸ್ವಲ್ಪ ಸುಖವಾಗಿ ನಿದ್ದೆ ಬರುತ್ತಿತ್ತೇನೋ.

ಪೆನಾಲ್ಟಿ ಒಳಗೆ ಹೋಯಿತು. 1-2. ಮ್ಯಾಚ್ ಮುಗಿಯಿತು.

ಆಚೆ ಟೀ ಅಂಗಡಿ ಮುಂದೆ ಎಲ್ಲ ಸೇರಿದರು. ಕೋಚ್, ಕ್ಲಬ್ ಸೆಕ್ರೆಟರಿ, ಪ್ಲೇಯರ್‌ಗಳು, ನಾವು. ಮಾತೆಲ್ಲ ಆಫ್‌ಸೈಡ್‌ದೇ. "ಆ ಗೋಲು ಕೊಟ್ಟಿದ್ದರೆ ಅಲ್ಲೇ ಮ್ಯಾಚ್ ಮುಗೀತಿತ್ತು, ಅಲ್ವಾ?" ಅಂದರು ಕೋಚ್. ಎಲ್ಲರೂ ಹೌದು ಹೌದು ಅಂದರು. ಅದು ನಿಜವೂ ಹೌದು, ಅದೇ ತೊಂದರೆ. ರೆಫ್ರಿ ಕಡೆಯಿಂದ ಒಂದು ತಪ್ಪು ಸಿಕ್ಕರೆ ಸಾಕು, ಉಳಿದದ್ದೆಲ್ಲ ಅದರ ಕೆಳಗೆ ಮುಚ್ಚಿಹೋಗುತ್ತದೆ. ಲೈನ್ಸ್‌ಮನ್‌ಗೆ ಯೋಚಿಸಲು ಅರ್ಧ ಸೆಕೆಂಡ್ ಸಿಕ್ಕಿತ್ತು. ಕೋಚ್‌ಗೆ ಇಡೀ ಹಾಫ್ ಟೈಮ್ ಸಿಕ್ಕಿತ್ತು, ಪಕ್ಕದಲ್ಲಿ ಅಸಿಸ್ಟೆಂಟ್ ಇದ್ದ, ಕೈಯಲ್ಲಿ ನೋಟ್‌ಬುಕ್ ಇತ್ತು. ಇಷ್ಟಾದ ಮೇಲೂ ಏಳನೇ ನಂಬರ್ ಹೊರಗೆ ಬಂದ. ನನ್ನ ಲೆಕ್ಕದಲ್ಲಿ ಅರ್ಧ ಸೆಕೆಂಡಿನ ತಪ್ಪನ್ನು ಬೇಗ ಮರೆಯಬಹುದು.

ಆ ಹುಡುಗ ಸ್ವಲ್ಪ ದೂರ ಬೈಕ್ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಹೋಗಿ ಕೇಳಿದೆ, "ಕಾಲು ನೋವಿತ್ತಾ?"

"ಇಲ್ಲಣ್ಣ, ಚೆನ್ನಾಗೇ ಇತ್ತು. ಸೇಫ್ ಆಗಿ ಆಡೋಣ ಅಂದ್ರು" ಅಂದ. ಕೋಪ ಇತ್ತೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಸೆಕ್ರೆಟರಿ ನನ್ನನ್ನು ಕರೆದರು. ಅಸೋಸಿಯೇಷನ್‌ಗೆ ಒಂದು ಕಂಪ್ಲೇಂಟ್ ಕೊಡಬೇಕಂತೆ. "ನೀವು ಚೆನ್ನಾಗಿ ಬರೀತೀರಲ್ಲ ಸಾರ್, ಸ್ವಲ್ಪ ಖಾರವಾಗಿ ಹಾಕಿ." ಗೋಲು ಹೌದೋ ಅಲ್ಲವೋ ಅನ್ನುವುದರಲ್ಲಿ ರೆಫ್ರಿಯದೇ ಕೊನೆಯ ಮಾತು, ರೂಲ್ ಬುಕ್‌ನಲ್ಲೇ ಹಾಗಿದೆ, ರಿಸಲ್ಟ್ ಬದಲಾಗಲ್ಲ ಅಂದೆ. ಗೊತ್ತು ಸಾರ್, ಆದರೂ ಇರಲಿ ಅಂದರು. ಬೇಕರಿಯಿಂದ ಒಂದು ಹಾಳೆ ತಂದುಕೊಟ್ಟರು. ಲೈನ್ಸ್‌ಮನ್ ಎಲ್ಲಿ ನಿಂತಿದ್ದರು, ಸ್ಟ್ರೈಕರ್ ಎಲ್ಲಿದ್ದ, ಎಲ್ಲ ವಿವರವಾಗಿ ಬರೆದೆ. ಚೆನ್ನಾಗೇ ಬಂತು. ಕೈ ನಿಲ್ಲಲಿಲ್ಲ. ಅದೇ ಹುರುಪಿನಲ್ಲಿ ಕೆಳಗೆ ಇನ್ನೂ ಒಂದು ಪ್ಯಾರಾ ಹಾಕಿದೆ. 65ನೇ ನಿಮಿಷದಲ್ಲಿ ಏಳನೇ ನಂಬರ್‌ನ ಆಟಗಾರನನ್ನು ಯಾವ ಕಾರಣವೂ ಇಲ್ಲದೆ ಹೊರಗೆ ಕರೆಯಲಾಯಿತು, ಇದರಿಂದ ನಮ್ಮ ತಂಡಕ್ಕೆ ಭಾರಿ ಅನ್ಯಾಯವಾಗಿದೆ ಅಂತ.

ಸೆಕ್ರೆಟರಿ ಓದಿದರು. "ಇದು ರೆಫ್ರಿ ಮಾಡಿದ್ದಲ್ಲವಲ್ಲ ಸಾರ್?"

"ಅಲ್ಲ."

ಅವರು ಆ ಕಡೆ ಈ ಕಡೆ ನೋಡಿ, ಪೆನ್ ತೆಗೆದು ಆ ಪ್ಯಾರಾಕ್ಕೆ ಅಡ್ಡ ಗೆರೆ ಎಳೆದರು. ಆಮೇಲೆ ಹಾಳೆಯನ್ನು ಸಹಿಗೆ ಕೋಚ್ ಕೈಗೆ ಕೊಟ್ಟರು. ಕೋಚ್ ಓದದೆ ಸಹಿ ಹಾಕಿದರು. ಟೀ ದುಡ್ಡು ನಾನೇ ಕೊಟ್ಟೆ.