ಗಾಳಿ ಸರಿಯಿದೆ, ದೀಪ ಆರಲ್ಲ

ಕಾರಿಗೆ ಹೊಸ ಅಲಾಯ್ ಚಕ್ರ ಹಾಕಿಸ್ಕೊಂಡು ಬಂದಾಗಿಂದ ಡ್ಯಾಶ್‌ಬೋರ್ಡಲ್ಲಿ ಆ ಹಳದಿ ದೀಪ, ಟೈರಲ್ಲಿ ಗಾಳಿ ಕಮ್ಮಿ ಅಂತ ಎಚ್ಚರಿಸೋದು.

ಬಂಕಲ್ಲಿ ನಾಲ್ಕೂ ಚಕ್ರ ಚೆಕ್ ಮಾಡಿಸ್ದೆ. ಡೋರ್ ಪಕ್ಕದ ಸ್ಟಿಕ್ಕರಲ್ಲಿರೋ 33 ಪಿಎಸ್‌ಐ, ಎಲ್ಲದ್ರಲ್ಲೂ ಸರಿಯಾಗೇ ಇದೆ. ದೀಪ ಜಪ್ಪಯ್ಯ ಅನ್ನಲಿಲ್ಲ.

ಇವತ್ತು ಕೂತು ಗಮನಿಸ್ದೆ. ಸ್ಟಾರ್ಟ್ ಮಾಡಿದ ತಕ್ಷಣ ಒಂದು ನಿಮಿಷದಷ್ಟು ಮಿಣಮಿಣ ಅಂತ ಮಿನುಗಿ, ಆಮೇಲೆ ಹಾಗೇ ಉರೀತಾ ನಿಲ್ಲುತ್ತೆ. ಗಾಳಿ ಕಮ್ಮಿಯಾಗಿದ್ರೆ ಹೀಗೆ ಮಿನುಗಲ್ಲ. ಮಿನುಗಿದ್ರೆ ಸಾಮಾನ್ಯವಾಗಿ ಗಾಡಿಗೆ ಗಾಳಿ ಅಳೆಯೋ ಸೆನ್ಸರಿಂದ ಸಿಗ್ನಲ್ ಸಿಗ್ತಿಲ್ಲ ಅಂತ ಅರ್ಥ.

ಸೆನ್ಸರ್ ಇರೋದು ರಿಮ್ ಒಳಗೆ, ವಾಲ್ವ್ ಬುಡದಲ್ಲಿ. ಹೆಬ್ಬೆರಳಷ್ಟು ಕಪ್ಪು ಡಬ್ಬಿ, ಅದರೊಳಗೇ ಪುಟ್ಟ ಬ್ಯಾಟರಿ. ಹಳೇ ರಿಮ್ ಜೊತೆ ಅಂಗಡೀಲೇ ಉಳ್ಕೊಂಡಿತ್ತು! ಟೈರ್ ಬಿಚ್ಚಿ, ಸೆನ್ಸರ್ ಕೂರಿಸಿ, ಬ್ಯಾಲೆನ್ಸಿಂಗ್ ಮತ್ತೆ ಮಾಡಿಕೊಟ್ರು. ಸ್ವಲ್ಪ ದೂರ ಓಡಿಸಿದ್ಮೇಲೆ ದೀಪ ಆರಿತು.

ಹೊಳೆಯೋ ಚಕ್ರ ಎಲ್ಲರ ಕಣ್ಣಿಗೂ ಬೀಳುತ್ತೆ. ರಾತ್ರಿ ಹೆದ್ದಾರೀಲಿ ನಮ್ಮನ್ನ ಕಾಯೋದು ಆ ಕಾಣದ ಡಬ್ಬಿ. ಗಾಳಿ ನಿಧಾನಕ್ಕೆ ಇಳಿಯೋದು ಸೀಟಲ್ಲಿ ಕೂತೋರಿಗೆ ಎಲ್ಲಿ ಗೊತ್ತಾಗುತ್ತೆ?

ಅಲಾಯ್ ಹಾಕಿಸೋರಿದ್ರೆ ರಿಮ್ ಬಿಚ್ಚುವಾಗ ಪಕ್ಕದಲ್ಲೇ ನಿಂತು ಸೆನ್ಸರ್ ಕೇಳಿ. ಕೆಲವು ಗಾಡೀಲಿ ರಿಮ್ ಒಳಗೆ ಈ ಸೆನ್ಸರೇ ಇರಲ್ಲ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡ್ಕೊಳ್ಳೋ ವ್ಯವಸ್ಥೆ) ಮೂಲಕ ಚಕ್ರ ತಿರುಗೋ ವೇಗ ನೋಡಿ ಗಾಳಿ ಕಮ್ಮಿಯಾಗಿದ್ಯಾ ಅಂತ ಲೆಕ್ಕ ಹಾಕುತ್ತೆ. ಅಂಥದ್ರಲ್ಲಿ ಗಾಳಿ ಸರಿಮಾಡಿ ರೀಸೆಟ್ ಕೊಡಿ.